ದಿಣ್ಣೆಗಳ ನಗರದಲ್ಲಿ ಸೈಕಲ್ ಪಥಕ್ಕೆ ಜಾಗ ಮಾಡುವುದು ಹೇಗೆ: ಸಿಯಾಟಲ್‌ನ ಪಾಠಗಳು

ಕಾರನ್ನೇ ನಂಬಿಕೊಂಡು ಬೆಳೆದ, ನಾಲ್ಕು ದಿಕ್ಕಿಗೂ ದಿಣ್ಣೆಗಳಿರುವ ನಗರದಲ್ಲಿ ಸೈಕಲ್ ಪಥ ಬೇಕೆಂದು ಕೇಳುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಈ ಏರಿನಲ್ಲಿ ಯಾರು ತುಳಿಯುತ್ತಾರೆ ಎಂಬುದು. ಅಮೆರಿಕದ ಸಿಯಾಟಲ್‌ನಲ್ಲಿ ಈ ಪ್ರಶ್ನೆಯನ್ನು ದಶಕಗಳಿಂದ ಕೇಳಲಾಗುತ್ತಿದೆ. ಕ್ವೀನ್ ಆ್ಯನ್, ಕ್ಯಾಪಿಟಲ್ ಹಿಲ್, ಬೀಕನ್ ಹಿಲ್‌ಗಳ ನಡುವೆ ಹಬ್ಬಿರುವ ಆ ನಗರದಲ್ಲಿ ಕೆಲವು ರಸ್ತೆಗಳನ್ನು ನಡೆದು ಹತ್ತುವುದೇ ಕಷ್ಟ; ಆದರೂ ಅಲ್ಲಿ ಸೈಕಲ್ ಪಥಗಳ ಜಾಲ ವರ್ಷದಿಂದ ವರ್ಷಕ್ಕೆ ಬೆಳೆದಿದೆ. ಆ ನಗರದಲ್ಲಿಯೂ ವಾಷಿಂಗ್ಟನ್ ಸರೋವರದಾಚೆಯ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿಯೂ ನೆಲೆಸಿರುವ ಕನ್ನಡಿಗರಲ್ಲಿ ತಮ್ಮ ಬೀದಿಗೆ ಇಂಥದೊಂದು ಪಥ ಬೇಕೆಂದು ಕೇಳಬಯಸುವವರಿಗೆ ಈ ಬರಹ ನೆರವಾಗಲಿ ಎಂಬುದು ನನ್ನ ಆಶಯ. ಮಂಗಳೂರಿನಂಥ ಏರುತಗ್ಗಿನ ಊರಿನವರಿಗೂ ಇದರಲ್ಲಿ ಕೆಲವು ಸಂಗತಿಗಳು ಉಪಯೋಗಕ್ಕೆ ಬರಬಹುದು.

ಕೆಲಸವನ್ನು ರಸ್ತೆಯ ಅಗಲದಿಂದ ಆರಂಭಿಸದೆ ಏರಿನಿಂದ ಆರಂಭಿಸಬೇಕು. ನಿಮ್ಮ ಬಡಾವಣೆಯಿಂದ ಶಾಲೆ, ಮಾರುಕಟ್ಟೆ, ರೈಲು ನಿಲ್ದಾಣಗಳಿಗೆ ಹೋಗುವ ಎಲ್ಲ ದಾರಿಗಳನ್ನೂ ನಕ್ಷೆಯಲ್ಲಿ ಗುರುತಿಸಿ, ಪ್ರತಿಯೊಂದರ ಏರನ್ನೂ ಲೆಕ್ಕ ಹಾಕಿ. ನೂರು ಅಡಿ ಸಾಗುವಷ್ಟರಲ್ಲಿ ಐದು ಅಡಿ ಮೇಲೇರಿದರೆ ಅದು ಶೇ 5ರ ಏರು. ಅದಕ್ಕಿಂತ ಕಡಿದಾದದ್ದು ಬಹುದೂರ ಮುಂದುವರಿದರೆ ಸಾಮಾನ್ಯ ಸವಾರರು ಇಳಿದು ತಳ್ಳತೊಡಗುತ್ತಾರೆ. ದಿಣ್ಣೆಯನ್ನು ನೇರವಾಗಿ ಹತ್ತುವ ರಸ್ತೆಯ ಬದಲು ಅದರ ಮಗ್ಗುಲನ್ನು ಬಳಸಿ ಹೋಗುವ ದಾರಿ ಬಹಳ ಕಡೆ ಇದ್ದೇ ಇರುತ್ತದೆ. ಕ್ವೀನ್ ಆ್ಯನ್ ದಿಣ್ಣೆಯ ಬುಡದಲ್ಲಿ ಲೇಕ್ ಯೂನಿಯನ್ ಸರೋವರದ ಅಂಚಿಗೆ ಸಾಗುವ ವೆಸ್ಟ್‌ಲೇಕ್ ಪಥ ಇಂಥದ್ದು. ಹಳೆಯ ರೈಲು ಹಳಿಗಳನ್ನು ತೆಗೆದ ಜಾಡಿನಲ್ಲಿ 1978ರಲ್ಲಿ ತೆರೆದ ಬರ್ಕ್-ಗಿಲ್ಮನ್ ಮಾರ್ಗವೂ ಇದೇ ಜಾತಿಯದು; ರೈಲಿಗೆ ಕಡಿದಾದ ಏರು ಆಗದು, ಆದ್ದರಿಂದ ರೈಲು ಓಡಿದ ನೆಲ ಸೈಕಲ್ಲಿಗೂ ಹದವಾಗಿರುತ್ತದೆ. ಆದರೆ ಸುತ್ತುದಾರಿ ತೀರ ಉದ್ದವಾದರೆ ಜನ ಅದನ್ನು ಬಳಸುವುದಿಲ್ಲವೆಂಬುದನ್ನೂ ಮರೆಯಬಾರದು.

ಮಗ್ಗುಲು ದಾರಿ ಇಲ್ಲದ ಕಡೆ ಹತ್ತಲೇಬೇಕು. ದಿಣ್ಣೆಯ ನಗರಕ್ಕೂ ಸಮತಟ್ಟಾದ ನಗರಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ: ರಸ್ತೆಯ ಎರಡು ಬದಿಗಳಿಗೂ ಸಮನಾದ ಜಾಗ ಬೇಕಿಲ್ಲ. ಹತ್ತುವ ಸವಾರ ಗಂಟೆಗೆ ಐದಾರು ಮೈಲಿ ವೇಗದಲ್ಲಿ ತೊನೆಯುತ್ತ ಸಾಗುತ್ತಾನೆ, ಅವನ ಬೆನ್ನಿಗೇ ಕಾರುಗಳು 25 ಮೈಲಿ ವೇಗದಲ್ಲಿ ಬರುತ್ತವೆ. ಇಳಿಯುವ ಸವಾರನಾದರೋ ತುಳಿಯದೆಯೇ ಕಾರಿನ ವೇಗಕ್ಕೆ ಹತ್ತಿರವಾಗುತ್ತಾನೆ. ಆದ್ದರಿಂದ ಜಾಗ ಸಾಲದಿದ್ದಾಗ ಸಿಯಾಟಲ್‌ನ ಅನೇಕ ರಸ್ತೆಗಳಲ್ಲಿ ಹತ್ತುವ ಕಡೆಗೆ ಮಾತ್ರ ಪ್ರತ್ಯೇಕ ಪಥವನ್ನು ಕೊಟ್ಟು, ಇಳಿಯುವ ಕಡೆಗೆ ಕಾರುಗಳೊಂದಿಗೆ ಹಂಚಿಕೊಳ್ಳುವ ಗುರುತನ್ನು ಹಾಕಿದ್ದಾರೆ. ಈ ಉಪಾಯವನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಮಕ್ಕಳೊಂದಿಗೆ ಹೊರಟ ತಾಯಿಗೆ ಇಳಿಜಾರಿನಲ್ಲಿಯೂ ರಕ್ಷಣೆ ಬೇಕು. ಆದರೂ ಎರಡು ಬದಿಗೂ ಅರೆಬರೆ ಪಥ ಹಾಕುವುದಕ್ಕಿಂತ ಹತ್ತುವ ಬದಿಗೆ ಗಟ್ಟಿಯಾದ ಒಂದನ್ನು ಹಾಕುವುದು ಉತ್ತಮ.

ಈಗ ಅಳತೆಪಟ್ಟಿ ತೆಗೆದುಕೊಳ್ಳಿ. ಅಂಚಿನ ಕಲ್ಲಿನಿಂದ ಅಂಚಿನ ಕಲ್ಲಿಗೆ 44 ಅಡಿ ಅಗಲವಿರುವ, ತಲಾ 11 ಅಡಿಯ ನಾಲ್ಕು ಸಾಲುಗಳಲ್ಲಿ ಕಾರು ಓಡುವ ರಸ್ತೆಯೊಂದನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹೋಗಲೊಂದು, ಬರಲೊಂದು, ನಡುವೆ ಎಡಕ್ಕೆ ತಿರುಗುವವರಿಗೊಂದು (ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಎಡಕ್ಕೆ ತಿರುಗಲು ಎದುರು ಸಾಲನ್ನು ದಾಟಬೇಕು) ಎಂದು ಹತ್ತು ಹತ್ತು ಅಡಿಯ ಮೂರು ಸಾಲುಗಳನ್ನು ಉಳಿಸಿಕೊಂಡರೆ 14 ಅಡಿ ಮಿಗುತ್ತದೆ. ಹತ್ತುವ ಬದಿಗೆ ಆರು ಅಡಿಯ ಪಥ, ಅದರ ಪಕ್ಕದಲ್ಲಿ ಕಾರುಗಳನ್ನು ದೂರವಿಡುವ ಕಂಬ ನೆಡಲು ಮೂರು ಅಡಿ ತೆರವು, ಇಳಿಯುವ ಬದಿಗೆ ಐದು ಅಡಿ ಎಂದು ಅದನ್ನು ಹಂಚಬಹುದು. ಬಸ್ಸು ಓಡುವ ಸಾಲಿಗೆ 11 ಅಡಿ ಬೇಕಾಗುವುದರಿಂದ ಅಂಥ ರಸ್ತೆಯಲ್ಲಿ ತೆರವನ್ನು ಕಿರಿದುಗೊಳಿಸಬೇಕಾಗುತ್ತದೆ. ಒಂದು ಸಾಲು ಹೋದರೆ ವಾಹನ ಕಟ್ಟಿಕೊಳ್ಳುತ್ತದೆ ಎಂಬ ಆತಂಕ ಸಹಜವೇ. ಆದರೆ ನಾಲ್ಕು ಸಾಲಿನ ರಸ್ತೆಯಲ್ಲಿ ಎಡಕ್ಕೆ ತಿರುಗಲು ಕಾಯುವ ಕಾರು ತನ್ನ ಹಿಂದಿನವರನ್ನೆಲ್ಲ ತಡೆದು ನಿಲ್ಲಿಸುತ್ತದೆ, ನಡುವಿನ ತಿರುವು ಸಾಲು ಆ ತೊಡಕನ್ನು ನೀಗಿಸುತ್ತದೆ. 2007ರಲ್ಲಿ ಸ್ಟೋನ್ ವೇ ರಸ್ತೆಯನ್ನು ಹೀಗೆ ಬದಲಿಸಿದ ಮೇಲೆ ಅಲ್ಲಿ ಅಪಘಾತಗಳು ಕಡಿಮೆಯಾದುದನ್ನು ನಗರದ ಸಾರಿಗೆ ಇಲಾಖೆಯೇ ದಾಖಲಿಸಿದೆ.

ಎಲ್ಲಕ್ಕಿಂತ ಬಿಗಿಯಾದ ಗಂಟು ಪಾರ್ಕಿಂಗ್‌ನದು. ಬೀದಿಬದಿಯ ನಿಲುಗಡೆ ತೆಗೆಯುತ್ತಾರೆಂಬ ಸುದ್ದಿ ಹಬ್ಬಿದೊಡನೆ ಅಂಗಡಿಯವರೂ ಹಿರಿಯ ನಿವಾಸಿಗಳೂ ಎದುರಾಗುತ್ತಾರೆ, ಅವರ ಭಯ ಸುಳ್ಳಲ್ಲ. ಅದಕ್ಕಾಗಿ ನೀವೇ ಮೊದಲು ಎಣಿಕೆ ಮಾಡಿ: ವಾರದ ದಿನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಹಾಗೂ ಶನಿವಾರ ಎಷ್ಟು ಕಾರು ನಿಂತಿವೆ, ಪಕ್ಕದ ಅಡ್ಡರಸ್ತೆಗಳಲ್ಲಿ ಎಷ್ಟು ಜಾಗ ಖಾಲಿಯಿದೆ, ಸರಕು ಇಳಿಸುವ ಲಾರಿ ಎಲ್ಲಿ ನಿಲ್ಲುತ್ತದೆ, ನಡೆಯಲಾರದವರನ್ನು ಎಲ್ಲಿ ಇಳಿಸುತ್ತಾರೆ ಎಂಬುದನ್ನೆಲ್ಲ ಬರೆದಿಡಿ. ದಿಣ್ಣೆಯ ಊರಿನಲ್ಲಿ ಅರ್ಧ ಫರ್ಲಾಂಗು ದೂರದ ಅಡ್ಡರಸ್ತೆಯೂ ಕಡಿದಾಗಿದ್ದರೆ ಮುದುಕರಿಗೆ ದೂರವೇ, ಅದನ್ನು ಲೆಕ್ಕದಲ್ಲಿ ಸೇರಿಸಿ. ವೆಸ್ಟ್‌ಲೇಕ್‌ನಲ್ಲಿ ಮೊದಲು ಮೊಕದ್ದಮೆಯವರೆಗೆ ಹೋದ ವ್ಯಾಪಾರಿಗಳೂ ನಿವಾಸಿಗಳೂ ಅನಂತರ ಸೈಕಲ್ ಸವಾರರೊಂದಿಗೆ ವಿನ್ಯಾಸ ಸಮಿತಿಯಲ್ಲಿ ಕುಳಿತು ಚರ್ಚಿಸಿದರು, 2016ರಲ್ಲಿ ಪಥ ತೆರೆಯಿತು. ಇದಕ್ಕೆ ತದ್ವಿರುದ್ಧವಾಗಿ, ಈಶಾನ್ಯ ಭಾಗದ 35ನೇ ಅವೆನ್ಯೂದಲ್ಲಿ ಯೋಜನೆಯಲ್ಲಿದ್ದ ಪಥವನ್ನು ತೀವ್ರ ವಿರೋಧದ ನಂತರ 2019ರ ಮಾರ್ಚ್‌ನಲ್ಲಿ ಕೈಬಿಡಲಾಯಿತು. ಮಾತುಕತೆಯನ್ನು ನಕ್ಷೆ ಅಂತಿಮವಾಗುವ ಮುನ್ನವೇ ನಡೆಸಿ, ತೆಗೆಯುವ ಜಾಗಕ್ಕೆ ಬದಲಿಯನ್ನು ಕೈಯಲ್ಲಿ ಹಿಡಿದೇ ಹೋಗಿ.

ಸಮಯದ ಆಯ್ಕೆಯೂ ಮುಖ್ಯ. ರಸ್ತೆಗೆ ಹೊಸ ಡಾಂಬರು ಹಾಕುವಾಗ ಗೆರೆಗಳನ್ನು ಹೇಗೂ ಮತ್ತೆ ಎಳೆಯಬೇಕಾಗುವುದರಿಂದ, ಆಗ ಪಥ ಮಾಡಿದರೆ ಹೆಚ್ಚುವರಿ ಖರ್ಚು ಕಡಿಮೆ. 35ನೇ ಅವೆನ್ಯೂದ ಪ್ರಕರಣ ನಡೆದ ವರ್ಷವೇ ಸಿಯಾಟಲ್ ನಗರಸಭೆ, ಹತ್ತು ಲಕ್ಷ ಡಾಲರ್ ಮೀರಿದ ದೊಡ್ಡ ರಸ್ತೆ ಕಾಮಗಾರಿ ನಡೆಯುವಲ್ಲಿ ನಗರದ ಸೈಕಲ್ ಯೋಜನೆಯಲ್ಲಿರುವ ಪಥವನ್ನು ಅದರೊಂದಿಗೇ ಕಟ್ಟಬೇಕು, ಕಟ್ಟದಿದ್ದರೆ ಇಲಾಖೆ ಕಾರಣ ಹೇಳಬೇಕು ಎಂಬ ನಿಯಮವನ್ನು ಮಾಡಿತು. ನಿಮ್ಮ ನಗರದಲ್ಲಿ ಡಾಂಬರು ಹಾಕಲಿರುವ ರಸ್ತೆಗಳ ಪಟ್ಟಿಯನ್ನು ಒಂದೆರಡು ವರ್ಷ ಮೊದಲೇ ಪಡೆದುಕೊಂಡು, ಅದರಲ್ಲಿ ನಿಮ್ಮ ರಸ್ತೆ ಎಲ್ಲಿದೆ ನೋಡಿ.

ವಿನ್ಯಾಸ ನಿಮ್ಮ ಮುಂದೆ ಬಂದಾಗ ಅಡ್ಡರಸ್ತೆಗಳು ಕೂಡುವ ಜಾಗಗಳನ್ನೇ ಮೊದಲು ಪರಿಶೀಲಿಸಿ. ಇಳಿಜಾರಿನಲ್ಲಿ ವೇಗವಾಗಿ ಬರುವ ಸೈಕಲ್ಲನ್ನು ತಿರುಗುವ ಕಾರಿನವನು ಕಾಣಬೇಕಾದರೆ ಕೂಡುರಸ್ತೆಗೆ ಮುನ್ನ ನಿಲುಗಡೆ ಇರಬಾರದು. ಚರಂಡಿಯ ಜಾಲರಿಯ ಸೀಳುಗಳು ಸೈಕಲ್ ಸಾಗುವ ದಿಕ್ಕಿಗೆ ಅಡ್ಡಲಾಗಿರಬೇಕು, ಇಲ್ಲವಾದರೆ ಚಕ್ರ ಒಳಗೆ ಸಿಕ್ಕಿಕೊಳ್ಳುತ್ತದೆ. ಬಸ್ ನಿಲ್ದಾಣದ ಬಳಿ ಪಥವನ್ನು ನಿಲ್ದಾಣದ ಹಿಂದಿನಿಂದ ಹಾಯಿಸಿದರೆ ಬಸ್ಸೂ ಸೈಕಲ್ಲೂ ಒಂದಕ್ಕೊಂದು ಅಡ್ಡಬರುವುದಿಲ್ಲ.

ತುಳಿಯುವವರು ಯಾರೆಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. 2014ರಲ್ಲಿ ಆರಂಭವಾದ ಸಿಯಾಟಲ್‌ನ ಬಾಡಿಗೆ ಸೈಕಲ್ ವ್ಯವಸ್ಥೆ ‘ಪ್ರಾಂಟೊ’, ಮೋಟಾರಿಲ್ಲದ ಭಾರವಾದ ಸೈಕಲ್ಲುಗಳೊಂದಿಗೆ 2017ರಲ್ಲಿ ಮುಚ್ಚಿತು. ಅನಂತರ ಬಂದ ವಿದ್ಯುತ್ ಸೈಕಲ್ಲುಗಳು ಅದೇ ದಿಣ್ಣೆಗಳಲ್ಲಿ ಓಡುತ್ತಿವೆ. ಅಲ್ಲಿನ ಬಸ್ಸುಗಳ ಮುಂಭಾಗದಲ್ಲಿ ಸೈಕಲ್ ಇಡುವ ಚೌಕಟ್ಟುಗಳಿರುವುದರಿಂದ ಹತ್ತುವಾಗ ಬಸ್ಸು, ಇಳಿಯುವಾಗ ಸೈಕಲ್ ಎಂಬ ದಾರಿಯೂ ಇದೆ. ಸಭೆಯಲ್ಲಿ ಈ ಎರಡನ್ನೂ ಹೇಳಿ.

ಪಥ ಆದ ಮೇಲೆ ನಿರ್ವಹಣೆಯ ಹೊಣೆ ಯಾರದೆಂದು ಲಿಖಿತವಾಗಿ ಪಡೆಯಿರಿ. ಶರತ್ಕಾಲದಲ್ಲಿ ಮಳೆಗೆ ನೆನೆದು ಬಿದ್ದ ಎಲೆಗಳ ಮೇಲೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ, ಕಂಬಗಳ ನಡುವಿನ ಕಿರಿದಾದ ಪಥಕ್ಕೆ ರಸ್ತೆ ಗುಡಿಸುವ ದೊಡ್ಡ ಯಂತ್ರ ನುಗ್ಗುವುದಿಲ್ಲ. ಆದ್ದರಿಂದ ಇಲಾಖೆಯಲ್ಲಿರುವ ಯಂತ್ರದ ಅಗಲವನ್ನು ಕೇಳಿ ತಿಳಿದು, ಕಂಬ ನೆಡುವ ಮೊದಲೇ ಪಥದ ಅಗಲವನ್ನು ಅದಕ್ಕೆ ಹೊಂದಿಸಲು ಒತ್ತಾಯಿಸಿ.