ಚಿರೆಕಲ್ಲಿನ ಮಣ್ಣಲ್ಲಿ ಮಂಗಳದ ಚುಕ್ಕೆ ಬರಿಸಿದ್ದು

ಒಂಬತ್ತನೇ ಸಲಕ್ಕೆ ಚುಕ್ಕೆ ಬಂತು. ಕುಮಟಾದ ಮಣ್ಣಿಗೂ ಮಂಗಳ ಗ್ರಹದ ಕಲ್ಲಿಗೂ ಏನು ಸಂಬಂಧ ಎಂದು ಕೇಳಿದ ಗೆಳೆಯರೆಲ್ಲ ಓದಲಿ ಅಂತಲೇ ಬರೆಯುತ್ತಿದ್ದೇನೆ.

ಚೆಯಾವಾ ಫಾಲ್ಸ್ ಫೋಟೊ ನೀವೆಲ್ಲ ನೋಡಿದ್ದೀರಿ. 2024ರ ಜುಲೈನಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್‌ಗೆ ಮಂಗಳದ ಜೆಜೆರೊ ಕುಳಿಯ ಹಳೇ ನದಿಪಾತ್ರದಲ್ಲಿ ಸಿಕ್ಕ ಕೆಂಪು ಕಲ್ಲು, ಮೈ ತುಂಬ ಕಪ್ಪು ಅಂಚಿನ ಬಿಳಿ ಚುಕ್ಕೆ. ಹಿಂದೆ ಅಲ್ಲಿ ಜೀವ ಇದ್ದದ್ದರ ಗುರುತೇ ಇದು ಎನ್ನುವುದೇ ಪ್ರಶ್ನೆ. ನೋಡಿದ ಕೂಡಲೇ ನನಗೆ ನಮ್ಮ ಬಾವಿ ನೆನಪಾಯಿತು. ತೋಡುವಾಗ ಚಿರೆಕಲ್ಲು (ಜಂಬಿಟ್ಟಿಗೆ) ಮುಗಿದು ಶೇಡಿ ಎಂಬ ಮೆದು ಜೇಡಿಮಣ್ಣು ಬಂದಲ್ಲಿ, ಹಳೇ ಬೇರಿನ ಸುತ್ತ ಮಾತ್ರ ಕೆಂಪು ಹೋಗಿ ಬೆಳ್ಳಗಾಗಿತ್ತು. ಬೇರು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ತುಕ್ಕನ್ನು ಕರಗಿಸುತ್ತವೆ. ಅದನ್ನೇ ಬಾಟಲಿಯಲ್ಲಿ ಮಾಡಿ ನೋಡೋಣ ಅಂತ ಹೊರಟೆ.

ಮೊದಲ ಮೂರು ಸಲ ಚಿರೆಕಲ್ಲಿನ ಮಣ್ಣಿಗೆ ಬೆಲ್ಲದ ನೀರು ಹಾಕಿ ಕೆಡಿಸಿದೆ. ಇಡೀ ಬಾಟಲಿ ಬೂದು ಬಣ್ಣಕ್ಕೆ ತಿರುಗಿತು, ಚುಕ್ಕೆ ಒಂದೂ ಇಲ್ಲ. ನಾಲ್ಕನೆಯದು ಗ್ಯಾಸ್ ತುಂಬಿ ಮುಚ್ಚಳ ಹಾರಿಸಿತು, ಅಟ್ಟ ತೊಳೆಯಲು ಅರ್ಧ ದಿನ ಹೋಯಿತು. ಆಮೇಲೆ ಮುಚ್ಚಳವೇ ಬಿಟ್ಟೆ, ನೀರಿನ ಮೇಲೆ ಎರಡು ಬೆರಳು ತೆಂಗಿನೆಣ್ಣೆ ಹೊಯ್ದೆ. ಗ್ಯಾಸ್ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದು ತೀರಾ ಕಡಿಮೆ. ಖರ್ಚು ಎಲ್ಲ ಸೇರಿ ಐದು ಸಾವಿರದ ಹತ್ತಿರ. ಅದರಲ್ಲಿ ಯುಎಸ್‌ಬಿ ಮೈಕ್ರೋಸ್ಕೋಪೇ ಎರಡು ಸಾವಿರದ ಮೇಲೆ, ಎಣ್ಣೆ ಏಳೆಂಟು ನೂರು.

ಬೆಲ್ಲ ಬಿಟ್ಟು ಬೇರಿನ ಸಣ್ಣ ಚೂರು ಇಟ್ಟಾಗಲೂ ಬಿಳುಪು ಬಂತು, ಆದರೆ ಕಪ್ಪು ಅಂಚು ಬರಲಿಲ್ಲ. ದೊಡ್ಡಪ್ಪ ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ ಮಾಡುತ್ತಾರೆ. ಅಲ್ಲಿನ ಕೊಳೆತ ಮೊಟ್ಟೆ ವಾಸನೆಯ ಕರಿ ಕೆಸರು ಒಂದು ಚಮಚ ಹಾಕಿದ್ದೇ ದಾರಿ ಆಯಿತು. "ಇದರಲ್ಲಿ ಮಂಗಳ ಎಲ್ಲಿ ಕಾಣ್ತದೋ ತಮ್ಮಾ?" ಎಂದಿದ್ದರು. ಸುಮಾರು ಆರು ವಾರಕ್ಕೆ ಚೂರಿನ ಸುತ್ತ ಬಿಳಿ, ಅದರ ಹೊರಗೆ ಕೂದಲೆಳೆ ದಪ್ಪದ ಕಪ್ಪು ಉಂಗುರ. ನಾಲ್ಕು ಬಾಟಲಿಯಲ್ಲಿ ಮೂರರಲ್ಲಿ ಬಂತು. ಇಷ್ಟು ಚೊಕ್ಕ ಉಂಗುರ ಮನೆಯಲ್ಲಿ ಬರಿಸಿದವರನ್ನು ನಾನಂತೂ ನೋಡಿಲ್ಲ. ಮಣ್ಣನ್ನು ಎಷ್ಟು ಒತ್ತಬೇಕು, ಚೂರನ್ನು ಮೊದಲು ಯಾವುದರಲ್ಲಿ ಅದ್ದಬೇಕು ಎನ್ನುವುದನ್ನು ಈಗಲೇ ಹೇಳುವುದಿಲ್ಲ. ಫೋಟೊ ಮಾತ್ರ ಗಾಜಿನ ಹೊರಗಿನಿಂದಲೇ ತೆಗೆಯಿರಿ, ಗಾಳಿ ತಾಗಿದರೆ ಒಂದೇ ದಿನದಲ್ಲಿ ಕಪ್ಪು ಹೋಗಿ ಕಂದಾಗುತ್ತದೆ.

ಒಳಗಿನ ಜೀವಿಗಳು ಸಾಯಲಿ ಎಂದು ಕುಕ್ಕರಿನಲ್ಲಿ ಮೂರು ದಿನ, ದಿನಕ್ಕೊಂದು ತಾಸು ಬೇಯಿಸಿದ ಬಾಟಲಿಗಳಲ್ಲಿ ಏನೂ ಬರಲಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಜೀವಿಯೇ ಕಾರಣ ಎಂದು ಕುಣಿದುಬಿಡುತ್ತಿದ್ದೆ. ಆದರೆ ಹಾಗೇ ಬೇಯಿಸಿದ ಇನ್ನೊಂದರಲ್ಲಿ ವಿಟಮಿನ್ ಸಿ ಮಾತ್ರೆಯ ತುಂಡು ಹೂತಿಟ್ಟಿದ್ದೆ. ಅದರ ಸುತ್ತಲೂ ಮಸುಕು ಬಿಳುಪು! ಜೀವಿ ಇಲ್ಲದೆಯೂ ತುಕ್ಕು ಕರಗುತ್ತದೆ ಅಲ್ವಾ. 2025ರ ಸೆಪ್ಟೆಂಬರ್‌ನಲ್ಲಿ ಚೆಯಾವಾ ಫಾಲ್ಸ್ ಬಗ್ಗೆ ಬಂದ ಪ್ರಬಂಧದಲ್ಲಿ ವಿಜ್ಞಾನಿಗಳು "ಜೀವದ ಸಂಭಾವ್ಯ ಗುರುತು" ಎಂದಷ್ಟೇ ಹೇಳಿ ನಿಂತದ್ದು ಯಾಕೆ ಅಂತ ನನಗೆ ಅವತ್ತು ತಿಳಿಯಿತು. ಮಾತ್ರೆಯ ಸುತ್ತ ಉಂಗುರ ಮಾತ್ರ ಬಂದಿಲ್ಲ.

ನಡುವೆ ಇನ್ನೊಂದು ಮಾಡಿದೆ. ವೈಕಿಂಗ್ 1 ನೌಕೆ 1976ರಲ್ಲಿ ಕಳಿಸಿದ 'ಮುಖ'ದ ಫೋಟೊ ಗೊತ್ತಲ್ಲ, ಮಂಗಳದ ಗುಡ್ಡವೊಂದು ನೆರಳಿನಿಂದ ಮುಖದಂತೆ ಕಂಡದ್ದು, ಹಾಗೆ ನಮ್ಮ ಕ್ವಾರಿಯ ಗೋಡೆಯನ್ನು ಸಂಜೆ ಐದೂವರೆಗೆ ತೆಗೆದೆ. ಹನ್ನೊಂದು ಮುಖ ಸಿಕ್ಕಿದವು. ಮಧ್ಯಾಹ್ನ ಒಂದೂ ಇಲ್ಲ. ಕಂಡದ್ದನ್ನೆಲ್ಲ ಹಾಗೇ ನಂಬಬಾರದು ಅಂತ ಇದರಿಂದಲೂ ಗೊತ್ತಾಯಿತು.

ನನ್ನ ಉಂಗುರಕ್ಕೂ ಮಂಗಳದ್ದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಅಲ್ಲಿ ಅಂಚಿನಲ್ಲಿ ವಿವಿಯನೈಟ್, ಅಂದರೆ ಕಬ್ಬಿಣದ ಫಾಸ್ಫೇಟ್. ಗ್ರೈಗೈಟ್ ಎಂಬ ಕಬ್ಬಿಣದ ಸಲ್ಫೈಡ್ (ಕಬ್ಬಿಣ, ಗಂಧಕ ಸೇರಿದ್ದು) ಇರುವುದು ಚುಕ್ಕೆಯ ಒಳಗೆ. ನನ್ನದರಲ್ಲಿ ಅಂಚೇ ಸಲ್ಫೈಡ್. ಫಾಸ್ಫೇಟ್ ಬೇಕಲ್ಲ ಎಂದು ಈಗ ಬಂಗಡೆ ಮುಳ್ಳು ಹೂತು ಐದು ಬಾಟಲಿ ಇಟ್ಟಿದ್ದೇನೆ. ವಿವಿಯನೈಟ್ ಆಗಿದ್ದರೆ ಗಾಳಿ ತಾಗಿದ ಮೇಲೆ ನೀಲಿಯಾಗಬೇಕು. ಮಳೆಗಾಲ ಕಳೆದ ಮೇಲೆ ಒಡೆಯುತ್ತೇನೆ.