ಲೆನ್ಸ್ ಹಾಕಿಕೊಂಡೇ ಮಲಗುತ್ತೀರಾ? ಶುಚಿ ಮಾಡುವುದು ಹೀಗೆ

ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಗೆ, ರಕ್ತನಾಳಗಳಿಲ್ಲ. ಎಚ್ಚರವಿದ್ದಾಗ ಅದು ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ಕಣ್ಣು ಮುಚ್ಚಿದ ಮೇಲೆ ರೆಪ್ಪೆಯ ಒಳಭಾಗದ ರಕ್ತನಾಳಗಳೇ ಅದಕ್ಕೆ ಗತಿ. ಆಗ ಸಿಗುವ ಆಮ್ಲಜನಕ ಸುಮಾರು ಮೂರನೇ ಒಂದು ಭಾಗ ಮಾತ್ರ. ಜೊತೆಗೆ ನಿದ್ದೆಯಲ್ಲಿ ರೆಪ್ಪೆ ಬಡಿಯುವುದಿಲ್ಲ, ಕಣ್ಣೀರು ಹರಿದು ಕೊಳೆಯನ್ನು ತೊಳೆಯುವುದೂ ಇಲ್ಲ. ಇಂಥ ಹೊತ್ತಲ್ಲಿ ಕಣ್ಣಿನ ಮೇಲೆ ಕೊಳಕು ಲೆನ್ಸ್ ಕೂತಿದ್ದರೆ ರೋಗಾಣುಗಳಿಗೆ ಅದಕ್ಕಿಂತ ಒಳ್ಳೆ ಜಾಗ ಬೇರೆ ಬೇಕೇ?

1989ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿತ್ತು. ಸಾಫ್ಟ್ ಲೆನ್ಸನ್ನು ಹಗಲು ಮಾತ್ರ ಹಾಕುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 4 ಜನಕ್ಕೆ ಕಾರ್ನಿಯಾ ಹುಣ್ಣಾಗುತ್ತಿತ್ತು. ರಾತ್ರಿಯೂ ಹಾಕಿಕೊಳ್ಳಲೆಂದೇ ಮಾಡಿದ ಲೆನ್ಸ್ ಬಳಸುವವರಲ್ಲಿ ಆ ಸಂಖ್ಯೆ ಸುಮಾರು 21. ಆಮೇಲೆ ಆಮ್ಲಜನಕವನ್ನು ಚೆನ್ನಾಗಿ ಬಿಡುವ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳು ಬಂದವು. ಕಣ್ಣಿಗೆ ಹಿತವಾದದ್ದು ನಿಜ, ಆದರೆ ಸೋಂಕಿನ ಭಯವನ್ನು ಅವೂ ಹೋಗಲಾಡಿಸಲಿಲ್ಲ. ಹಾಗಾಗಿ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ರಾತ್ರಿ ತೆಗೆದಿಟ್ಟೇ ಮಲಗಿ ಎನ್ನುವುದು ನನ್ನ ಮಾತು. ವೈದ್ಯರೇ ರಾತ್ರಿ ಹಾಕಲು ಹೇಳಿದವರು ಇದ್ದಾರೆ. ರಾತ್ರಿ ಗಟ್ಟಿ ಲೆನ್ಸ್ ಹಾಕಿ ಬೆಳಗ್ಗೆ ತೆಗೆಯುವ ಆರ್ಥೋ-ಕೆ ಬಳಕೆದಾರರೂ ಇದ್ದಾರೆ. ಮುಂದಿನದು ಅವರಿಗಾಗಿ.

ಕೈಯಿಂದ ಶುರು ಮಾಡಿ. ಕ್ರೀಮ್ ಇಲ್ಲದ ಸಾದಾ ಸೋಪಿನಿಂದ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಒದ್ದೆ ಕೈ ಬೇಡವೇ ಬೇಡ. ನಲ್ಲಿ ನೀರಿನಲ್ಲಿ ಅಕ್ಯಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಕಾರ್ನಿಯಾಗೆ ಹತ್ತಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಗಟ್ಟಿ ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆಯುವ ಅಭ್ಯಾಸ ಕೆಲವರಿಗೆ ಇನ್ನೂ ಇದೆ. ದಯವಿಟ್ಟು ಬಿಟ್ಟುಬಿಡಿ.

ಬೆಳಗ್ಗೆ ಎದ್ದ ಕೂಡಲೇ ಲೆನ್ಸ್ ಎಳೆಯಬೇಡಿ. ರಾತ್ರಿಯಿಡೀ ಕಣ್ಣೀರು ಕಡಿಮೆಯಾಗಿ ಅದು ಕಣ್ಣಿಗೆ ಅಂಟಿಕೊಂಡಿರುತ್ತದೆ. ಲೆನ್ಸ್ ಮೇಲೆ ಹಾಕಬಹುದಾದ ತೇವದ ಡ್ರಾಪ್ಸ್ ಒಂದೆರಡು ಹನಿ ಬಿಟ್ಟು, ಕಣ್ಣು ಮಿಟುಕಿಸುತ್ತಾ ಕೆಲವು ನಿಮಿಷ ಕಾಯಿರಿ. ಲೆನ್ಸ್ ಅಲ್ಲಾಡತೊಡಗಿದ ಮೇಲೆ ತೆಗೆಯಿರಿ. ಅಂಟಿದ್ದನ್ನು ಕಿತ್ತರೆ ಕಾರ್ನಿಯಾದ ಮೇಲ್ಪದರ ಕೆರೆದುಹೋಗುತ್ತದೆ, ಸೋಂಕು ಒಳಗೆ ನುಗ್ಗುವುದು ಅಲ್ಲಿಂದಲೇ.

ಮಲ್ಟಿಪರ್ಪಸ್ ಸೊಲ್ಯೂಷನ್ ಬಳಸುವವರು ಲೆನ್ಸನ್ನು ಅಂಗೈಯಲ್ಲಿಟ್ಟು, ಸೊಲ್ಯೂಷನ್ ಹಾಕಿ, ಬೆರಳ ತುದಿಯಿಂದ ಎರಡೂ ಬದಿ ಮೆಲ್ಲಗೆ ಉಜ್ಜಿ. ಇಪ್ಪತ್ತು ಸೆಕೆಂಡ್ ಸಾಕು. ಬಾಟಲಿಯ ಮೇಲೆ ‘ಉಜ್ಜಬೇಕಿಲ್ಲ’ ಎಂದಿದ್ದರೂ ಉಜ್ಜುವುದೇ ಲೇಸು. ಆಮೇಲೆ ಸೊಲ್ಯೂಷನ್‌ನಿಂದಲೇ ತೊಳೆದು, ಕೇಸಿಗೆ ಹೊಸ ಸೊಲ್ಯೂಷನ್ ತುಂಬಿಸಿ ಇಡಿ. ನಿನ್ನೆಯದರ ಮೇಲೆ ಇವತ್ತು ಒಂದಿಷ್ಟು ಸುರಿಯುವುದು ಉಳಿತಾಯ ಅನಿಸಬಹುದು, ಆದರೆ ಹಳೆಯದು ಬೆರೆತರೆ ಹೊಸದರ ಶಕ್ತಿಯೂ ಕುಂದುತ್ತದೆ. ಇನ್ನು ಸಲೈನ್? ಅದು ತೊಳೆಯಲು ಮಾತ್ರ, ರೋಗಾಣು ಕೊಲ್ಲುವುದಿಲ್ಲ.

ಪದೇ ಪದೇ ಕಣ್ಣು ಉರಿಯುವವರಿಗೆ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಸೊಲ್ಯೂಷನ್ ಹೆಚ್ಚು ಹೊಂದಬಹುದು. ಅದರಲ್ಲಿ ಪ್ರಿಸರ್ವೇಟಿವ್ ಇರುವುದಿಲ್ಲ, ಕೊಲ್ಲುವ ಶಕ್ತಿಯೂ ಜಾಸ್ತಿ. ಆದರೆ ಅದರ ನಿಯಮ ಕಟ್ಟುನಿಟ್ಟು. ಜೊತೆಗೆ ಬರುವ ಉದ್ದನೆಯ ಕೇಸನ್ನೇ ಬಳಸಬೇಕು. ಹೆಚ್ಚಿನ ಕೇಸ್‌ಗಳ ತಳದಲ್ಲಿ ಪ್ಲಾಟಿನಂ ಲೇಪಿಸಿದ ಬಿಲ್ಲೆ ಇರುತ್ತದೆ. ಅದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಗುಳ್ಳೆ ಏಳುವುದು ಅದಕ್ಕೇ. ಈ ಕೆಲಸಕ್ಕೆ ಸಾಮಾನ್ಯವಾಗಿ ಕನಿಷ್ಠ 6 ಗಂಟೆ ಬೇಕು. ಬೆಳಗ್ಗೆ ತೆಗೆದು ರಾತ್ರಿ ಹಾಕುವವರಿಗೆ ಇಡೀ ಹಗಲೇ ಇದೆ. ದಿನಗಟ್ಟಲೆ ಹಾಕಿಕೊಂಡೇ ಇರುವವರು ಲೆನ್ಸಿಲ್ಲದೆ ಮಲಗುವ ಒಂದು ರಾತ್ರಿಯನ್ನು ಇದಕ್ಕೆ ಕೊಡಲಿ, ಕಣ್ಣಿಗೂ ಉಸಿರಾಡಿದಂತಾಗುತ್ತದೆ. ಅವಸರ ಮಾಡಿ ಬೇಗ ತೆಗೆದು ಹಾಕಿಕೊಂಡರೆ ಕಣ್ಣು ಸುಟ್ಟಂತೆ ಉರಿಯುತ್ತದೆ. ಹಾಗಾದರೆ ತಕ್ಷಣ ಲೆನ್ಸ್ ತೆಗೆದು, ಕಣ್ಣನ್ನು ಸಲೈನ್‌ನಿಂದ ಚೆನ್ನಾಗಿ ತೊಳೆದು, ಉರಿ ಹೋಗದಿದ್ದರೆ ವೈದ್ಯರ ಬಳಿ ಹೋಗಿ. ಬಿಲ್ಲೆ ಸವೆಯುವುದರಿಂದ ಹೊಸ ಬಾಟಲಿಯ ಜೊತೆ ಬರುವ ಹೊಸ ಕೇಸನ್ನೇ ಬಳಸಿ.

ಕೇಸ್‌ನ ಗೋಡೆಗೆ ರೋಗಾಣುಗಳು ಲೋಳೆಯಂತೆ ಅಂಟಿ ಬೆಳೆಯುತ್ತವೆ. ಮಾಮೂಲಿ ಕೇಸನ್ನು ಪ್ರತಿ ಸಲ ಖಾಲಿ ಮಾಡಿ, ಸೊಲ್ಯೂಷನ್‌ನಿಂದ ಉಜ್ಜಿ ತೊಳೆದು, ಒರೆಸಿ, ಮುಚ್ಚಳ ತೆಗೆದು ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಿ.

ದಿನಾ ಬೆಳಗ್ಗೆ ಕನ್ನಡಿ ನೋಡಿ. ಕಣ್ಣು ಕೆಂಪಾಗಿದೆಯೇ? ನೋಯುತ್ತಿದೆಯೇ? ಮಂಜು ಮಂಜಾಗಿದೆಯೇ? ಬೆಳಕು ಚುಚ್ಚುತ್ತಿದೆಯೇ? ಒಂದಕ್ಕೆ ಹೌದು ಎಂದರೂ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ನೋವು, ಕೆಂಪು ಹೋಗದಿದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ನೋಡಿ. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಾರ್ನಿಯಾ ಕರಗಿಸಬಲ್ಲದು. ಮನೆಯಲ್ಲಿರುವ ಹಳೆ ಸ್ಟೀರಾಯ್ಡ್ ಡ್ರಾಪ್ಸ್ ಸುಮ್ನೆ ಹಾಕಿಕೊಳ್ಳಬೇಡಿ, ಕಣ್ಣಿಗೆ ಪಟ್ಟಿ ಕಟ್ಟಬೇಡಿ. ತೆಗೆದ ಲೆನ್ಸನ್ನು ಕೇಸಿನ ಸಮೇತ ವೈದ್ಯರ ಬಳಿ ಒಯ್ಯಿರಿ. ಯಾವ ರೋಗಾಣು ಎಂದು ಲ್ಯಾಬ್‌ನಲ್ಲಿ ಪತ್ತೆ ಮಾಡಲು ಅದು ಬೇಕಾಗಬಹುದು.