ಹಣೆಗೆ ಕರೆಂಟ್ ಪಟ್ಟಿ ಕೇಳಿಕೊಂಡು ಬಂದ ಅಪ್ಪ

ಶಿವಮೊಗ್ಗದಲ್ಲಿ ಮಕ್ಕಳ ಆಪ್ತಸಮಾಲೋಚಕಿ ನಾನು. ತೀರ್ಥಹಳ್ಳಿ ಕಡೆಯ ಒಬ್ಬ ತಂದೆ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ. ಅಪ್ಪ ಚೀಲದಿಂದ ಒಂದು ಟೆನ್ಸ್ ಯಂತ್ರ (ಚರ್ಮದ ಮೇಲೆ ಸಣ್ಣ ಕರೆಂಟ್ ಹರಿಸಿ ನೋವು ತಗ್ಗಿಸುವ ಯಂತ್ರ) ತೆಗೆದು ಮೇಜಿನ ಮೇಲಿಟ್ಟರು. ಅಜ್ಜಿಯ ಮಂಡಿನೋವಿಗೆ ತಂದಿದ್ದು.

"ಮೇಡಂ, ಇದನ್ನೇ ಇವನ ಹಣೆಗೆ ಹಚ್ಚಬಹುದಾ? ಇದೂ ಕರೆಂಟೇ ಅಲ್ದಾ?"

ಎದೆ ಝಲ್ಲೆಂದಿತು. ತಪ್ಪು ನನ್ನದೇ. ಹಿಂದಿನ ಸಲ ಅವರು, ಎಡಿಎಚ್‌ಡಿಗೆ ಹಣೆಗೆ ಪಟ್ಟಿ ಅಂಟಿಸಿ ಕರೆಂಟ್ ಕೊಡುವ ಚಿಕಿತ್ಸೆಯ ವಿಡಿಯೊ ತೋರಿಸಿದಾಗ "ಅದೆಲ್ಲ ನಮಗ್ಯಾಕೆ ಬಿಡಿ" ಎಂದು ಮುಗಿಸಿಬಿಟ್ಟಿದ್ದೆ.

ಈ ಸಲ ಕೂತು ಹೇಳಿದೆ. ನೋವಿನ ಟೆನ್ಸ್ ಯಂತ್ರವನ್ನು ತಲೆಗೆ, ಕತ್ತಿನ ಮುಂಭಾಗಕ್ಕೆ ಹಚ್ಚಲೇಬಾರದು. ವಿಡಿಯೊದಲ್ಲಿದ್ದ ಯಂತ್ರವೇ ಬೇರೆ. ಹಣೆಯಲ್ಲಿ ಟ್ರೈಜೆಮಿನಲ್ ನರದ (ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವ ನರ) ಕವಲುಗಳಿವೆ. ಮಗು ಮಲಗಿರುವಾಗ ಅಲ್ಲಿ ಪಟ್ಟಿ ಅಂಟಿಸಿ, ಜುಮ್ಮೆನ್ನುವಷ್ಟು ಮಾತ್ರ ವಿದ್ಯುತ್ ಹರಿಸುತ್ತಾರೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೂ ವೈದ್ಯರ ಚೀಟಿ ಇದ್ದರೆ ಮಾತ್ರ, 7ರಿಂದ 12 ವರ್ಷದ, ಎಡಿಎಚ್‌ಡಿ ಮಾತ್ರೆ ತೆಗೆದುಕೊಳ್ಳದ ಮಕ್ಕಳಿಗೆ.

ಆಮೇಲೆ ಹಾಳೆಯಲ್ಲಿ ಅಂಕಿ ಬರೆದೆ. ಆ ಒಪ್ಪಿಗೆಗೆ ಆಧಾರವಾದ ಪ್ರಯೋಗ ಸಣ್ಣದು: 62 ಮಕ್ಕಳು, 4 ವಾರ. ಕರೆಂಟ್ ಪಡೆದವರಲ್ಲಿ ಲಕ್ಷಣಗಳ ಅಂಕ (ಕಮ್ಮಿಯಾದಷ್ಟೂ ಒಳ್ಳೆಯದು) ಸರಾಸರಿ 34.1ರಿಂದ 23.4ಕ್ಕೆ ಇಳಿಯಿತು. ಕರೆಂಟ್ ಇಲ್ಲದೆ ಸುಮ್ನೆ ಪಟ್ಟಿ ಅಂಟಿಸಿಕೊಂಡವರಲ್ಲೂ 33.7ರಿಂದ 27.5ಕ್ಕೆ ಇಳಿಯಿತು.

ಅಪ್ಪ ಆ ಎರಡನೇ ಸಾಲನ್ನೇ ನೋಡುತ್ತಾ ಕೂತರು. "ಕರೆಂಟಿಲ್ಲದೆ ಆರು ಕಮ್ಮಿ ಆಯ್ತಾ?"

ನಂಬಿಕೆಯ ಪಾಲು ಅದರಲ್ಲಿ ಇದ್ದೇ ಇರುತ್ತದೆ. ಆದರೆ ದಿನಾ ರಾತ್ರಿ ದೊಡ್ಡವರೊಬ್ಬರು ಮಗುವಿನ ಪಕ್ಕ ಕೂತು ಪಟ್ಟಿ ಅಂಟಿಸಿರುತ್ತಾರೆ ಅಲ್ವಾ? ಅದರ ಪಾಲೂ ಇರಬಹುದು ಎಂದು ನನಗೆ ಅನ್ನಿಸುತ್ತದೆ.

ರಾತ್ರಿ ಪಕ್ಕ ಕೂರುವ ಅದನ್ನೇ ನಾವು ಹಿಡಿದುಕೊಂಡೆವು. ಆಗ ಅಡಿಕೆ ಸುಲಿಯುವ ಕಾಲ. ಮನೆಯಲ್ಲಿ ನಡುರಾತ್ರಿವರೆಗೂ ದೀಪ, ಮಾತು. ಹುಡುಗನೂ ಅಲ್ಲೇ ಸುತ್ತುತ್ತಿದ್ದ. ಒಂಬತ್ತಕ್ಕೆ ಫೋನ್ ಬಂದ್, ಒಳಕೋಣೆಯಲ್ಲಿ ಹಾಸಿಗೆ, ಪಕ್ಕದಲ್ಲಿ ಅಪ್ಪ ಎಂದು ಮಾಡಿದೆವು. ಹಗಲಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು. ಮೊದಲ ವಾರ ಜಗಳವೇ ಜಾಸ್ತಿ. ಮೂರನೇ ವಾರಕ್ಕೆ ನಿದ್ದೆ ಸರಿಹೋಯಿತು, ಬೆಳಗಿನ ರಂಪ ಕಮ್ಮಿಯಾಯಿತು.

ಶಾಲೆಯ ಪಾಠಕ್ಕೆ ಮಾತ್ರ ಅಷ್ಟು ಸಾಲಲಿಲ್ಲ. ಮನೋವೈದ್ಯರ ಹತ್ತಿರ ಕಳಿಸಿದೆ, ಮಾತ್ರೆ ಶುರುವಾಯಿತು. ಅಪ್ಪನಿಗೆ ಮಾತ್ರೆಯ ಭಯವಿತ್ತು. ಆ ಭಯವೇ ಅವರನ್ನು ಟೆನ್ಸ್ ಯಂತ್ರದವರೆಗೆ ತಂದಿತ್ತು ಎಂದು ನನಗೆ ಆಗ ಹೊಳೆಯಿತು. ಮೊದಲ ದಿನವೇ ಅದನ್ನು ಕೇಳಬೇಕಿತ್ತು.

ಈಗ ಯಾರಾದರೂ ಆ ವಿಡಿಯೊ ತೋರಿಸಿದರೆ, ಮೊದಲು ಕೇಳುವುದು ಎರಡು: ಮಾತ್ರೆ ಅಂದರೆ ಏನು ಭಯ? ಮನೆಯಲ್ಲಿ ಟೆನ್ಸ್ ಯಂತ್ರ ಇದೆಯಾ?